ಕರಿ ಉಸುಕು, ಎರೆ ಭೂಮಿ

(ರಾಯಚೂರಿನಲ್ಲಿ ಮಾಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಕಡಲೆಂಬುದನ್ನು ಕಣ್ಣಿನಿಂದ ಕಾಣದೆ, ಪುರಾಣದಲ್ಲಿ ಕೇಳಿ, ಊಟದ ಉಪ್ಪಿನಲ್ಲಿ ಮಾತ್ರ ಅದರ ರುಚಿಯನ್ನು ತಿಳಿದು ಆಯುಷ್ಯವನ್ನು ಕಳೆದ ಹಿರಿಯರು ಮನೆಗೊಬ್ಬರಂತೆ ಇದ್ದ ಈ ನಾಡಿನಲ್ಲಿ ನಿಂತುಕೊಂಡು, ಲೋಕದ ನಾನಾ ದಿಕ್ಕುಗಳಲ್ಲಿ ಹರಡಿರುವ ಕಪ್ಪು ಮರಳಿನ ಕಡಲತಡಿಗಳನ್ನು ಕುರಿತು ಒಂದು ಗಂಟೆಯ ಕಾಲ ಮಾತನಾಡುವೆನೆಂದು ನಾನು ಬರೆದು ಕಳುಹಿಸಿದಾಗ, ಸಂಚಾಲಕರು ಬಹು ವಿನಯದಿಂದ ಕೇಳಿದುದು ಒಂದೇ ಪ್ರಶ್ನೆ: "ರಾಯಚೂರಿಗೂ ಇದಕ್ಕೂ ಏನ್ ಸಂಬಂಧರೀ ಸರ?" ಅದಕ್ಕೆ ನಾನು ಆಗ ಉತ್ತರ ಬರೆಯಲಿಲ್ಲ. ಪತ್ರದಲ್ಲಿ ಹಿಡಿಸದಷ್ಟು ಉದ್ದದ ಉತ್ತರ ಅದು. ಪೂರ್ವ ಪಶ್ಚಿಮ ಸಮುದ್ರಗಳೆರಡರಿಂದಲೂ ದೂರವಾಗಿ, ಎರಡು ಹೊಳೆಗಳ ನಡುವೆ ಹಾಸಿಕೊಂಡಿರುವ ನಮ್ಮ ದೋಆಬಿನ ಮಣ್ಣಿನಲ್ಲಿಯೇ ಅದರ ಅರ್ಧ ಭಾಗ ಹುದುಗಿದೆ.

ಮೊದಲು ಮಾತಿನಿಂದ ಆರಂಭಿಸೋಣ. ಮೈಸೂರಿನ ಕಡೆಯವರು ಮರಳು ಎನ್ನುತ್ತಾರೆ; ಹಳೆಯ ಕಾವ್ಯಗಳು ಮಳಲು ಎನ್ನುತ್ತವೆ; ನಾವು ಉಸುಕು ಎನ್ನುತ್ತೇವೆ. ಮರಳು ಎಂಬ ಪದದಲ್ಲಿ ಬುದ್ಧಿಭ್ರಮೆಯ ಅರ್ಥವೂ, ಹಿಂದಿರುಗುವ ಅರ್ಥವೂ ಸೇರಿಕೊಂಡು ಕವಿಗಳಿಗೆ ಶ್ಲೇಷೆಯ ಸುಗ್ಗಿಯನ್ನೊದಗಿಸಿದುವು. ನಮ್ಮ ಉಸುಕಿಗೆ ಆ ಭಾಗ್ಯವಿಲ್ಲ. ಅದು ಗೌಂಡಿಯ ಕೈಯ ಪದ, ಗಿಲಾವಿಗೆ ಸಣ್ಣದು ಬೇಕು, ಕಾಂಕ್ರೀಟಿಗೆ ದಪ್ಪದು ಬೇಕು ಎಂಬಲ್ಲಿಗೆ ಅದರ ಅಲಂಕಾರಶಾಸ್ತ್ರ ಮುಗಿಯಿತು. ಆದರೂ ಈ ಹೊತ್ತು ನಾನು ಉಸುಕು ಎಂದೇ ಹೇಳುವೆನು. ಏಕೆಂದರೆ ಕರಿ ಉಸುಕನ್ನು ನಾನು ಮೊದಲು ಕಂಡದ್ದು ಯಾವ ಸಮುದ್ರತೀರದಲ್ಲಿಯೂ ಅಲ್ಲ, ದೇವದುರ್ಗ ತಾಲೂಕಿನ ಕೃಷ್ಣೆಯ ದಂಡೆಯ ಮೇಲೆ.

ಆಗ ನಾನು ಅಲ್ಲಿನ ಶಾಲೆಯೊಂದರಲ್ಲಿ ಭೂಗೋಳದ ಉಪಾಧ್ಯಾಯ. ಹೂವಿನಹೆಡಗಿಯ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ, ಕೆಟ್ಟುಹೋದ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹೊಳೆಯ ಉಸುಕಿನಲ್ಲಿ ಎಳೆದುಕೊಂಡು ಹೋಗಿ, ಅದಕ್ಕೆ ಮೀಸೆಯಂತೆ ಹತ್ತಿಕೊಂಡ ಕರಿಯ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ತರಗತಿಗೆ ತಂದನು. ಕಾಗದದ ಮೇಲೆ ಅದನ್ನು ಹರಡಿ ಅಡಿಯಲ್ಲಿ ಅಯಸ್ಕಾಂತವನ್ನು ಆಡಿಸಿದರೆ, ಪುಡಿಯು ಎದ್ದು ನಿಂತು ಕುಣಿಯುವುದು. ನಲವತ್ತು ಹುಡುಗರು ಬಾಯಿ ತೆರೆದು ನೋಡುವರು. "ಇದು ಯಾಕ ಕರೀದದ ಸರ? ಹೊಳಿ ಉಸುಕು ಬೆಳ್ಳಗದಲ್ಲ?" ಎಂದು ಅವನು ಕೇಳಿದನು. ಅದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ, ಆದುದರಿಂದ ಅಯಸ್ಕಾಂತಕ್ಕೆ ಅಂಟುತ್ತದೆ ಎಂದು ನಾನು ಪುಸ್ತಕದ ಉತ್ತರವನ್ನು ಕೊಟ್ಟೆನು. ಅದು ಕರಿಯದಾಗಿರುವುದು ಏಕೆಂಬ ಪ್ರಶ್ನೆಗಿಂತ, ಉಳಿದ ಉಸುಕು ಬೆಳ್ಳಗಾದುದು ಹೇಗೆಂಬ ಪ್ರಶ್ನೆಯೇ ಹೆಚ್ಚು ಆಳವಾದುದೆಂದು ನನಗೆ ಹೊಳೆಯಬೇಕಾದರೆ ಬಹಳ ವರ್ಷಗಳು ಹಿಡಿದುವು.

ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಮೇಲಿಂದ ಮೇಲೆ ಉಕ್ಕಿ ಹರಿದು, ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿ, ದೂರದಿಂದ ನೋಡಿದವರಿಗೆ ಮೆಟ್ಟಿಲುಗಳಂತೆ ಕಾಣುವ ಲಾವಾ ಶಿಲೆಗಳ ಪ್ರದೇಶವದು. ಈ ಮೆಟ್ಟಿಲಿನ ರೂಪದಿಂದಲೇ ಅದಕ್ಕೆ ಸ್ವೀಡನ್ ದೇಶದ ಭಾಷೆಯ ಪದವೊಂದರ ಮೂಲಕ ದಖನ್ ಟ್ರ್ಯಾಪ್ ಎಂದು ಹೆಸರಾಯಿತು. ಅಲ್ಲಿಯ ಪಂಚಗಂಗಾ ಗುಡಿಯಲ್ಲಿ ಐದು ನದಿಗಳು ಹುಟ್ಟುವುವೆಂದು ಭಕ್ತರು ನಂಬುತ್ತಾರೆ. ಆ ಐವರಲ್ಲಿ ಕೃಷ್ಣೆಯನ್ನೂ ಸಾವಿತ್ರಿಯನ್ನೂ ಮಾತ್ರ ನಾವು ಈಗ ನೆನೆಯೋಣ. ಕೃಷ್ಣೆಯ ಉಗಮದಿಂದ ಪಶ್ಚಿಮ ಸಮುದ್ರ ಕೇವಲ 64 ಕಿಲೋಮೀಟರು. ಹಿತ್ತಲ ಬಾಗಿಲಿನಲ್ಲಿಯೇ ಕಡಲಿದ್ದರೂ ಅದಕ್ಕೆ ಬೆನ್ನು ತಿರುಗಿಸಿ, ಪೂರ್ವಾಭಿಮುಖವಾಗಿ ಹೊರಟು, ಸುಮಾರು 1,400 ಕಿಲೋಮೀಟರು ನಡೆದು ಬಂಗಾಳಕೊಲ್ಲಿಯನ್ನು ಸೇರುವ ಹಠವನ್ನು ಈ ನದಿ ತೊಟ್ಟಿತು. ಸಾವಿತ್ರಿಯಾದರೋ ಘಟ್ಟದಿಂದ ನೇರವಾಗಿ ಪಶ್ಚಿಮಕ್ಕೆ ಧುಮುಕಿ, ಅದೇ ಕರಿಶಿಲೆಯ ಪುಡಿಯನ್ನು ಹೆಚ್ಚು ಅರೆಯದೆ ಸವೆಯಿಸದೆ ಕೊಂಕಣದ ಕಡಲಿಗೆ ಒಪ್ಪಿಸಿತು. ಒಂದೇ ತವರಿನ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ನೆರೆಯೂರಿಗೆ, ಇನ್ನೊಬ್ಬಳನ್ನು ದೂರದ ಸೀಮೆಗೆ ಕೊಟ್ಟಂತಾಯಿತು ಇದು. ರತ್ನಾಗಿರಿಗೆ ಹೋದವರು ನೋಡಿರಬಹುದು: ಅಲ್ಲಿ ಕಪ್ಪು ಉಸುಕಿನ ತೀರವನ್ನು ಜನರು ಕಾಳಾ ಸಮುದ್ರವೆಂದೂ, ಬಿಳಿ ಉಸುಕಿನ ತೀರವನ್ನು ಪಾಂಢರಾ ಸಮುದ್ರವೆಂದೂ ಕರೆಯುತ್ತಾರೆ, ಒಂದೇ ಊರು, ಒಂದೇ ಕಡಲು, ಬಣ್ಣದಿಂದ ಎರಡು ಹೆಸರು.

ಇನ್ನು ಲಾವಾದಿಂದ ಉಸುಕು ಆಗುವ ಬಗೆ. ನದಿಯೊಂದು ಬೆಟ್ಟವನ್ನು ಸಾವಧಾನವಾಗಿ ತೇದು ಮಾಡುವುದು ಒಂದು ಕ್ರಮ. ಅದು ಸಹಸ್ರಾರು ವರ್ಷಗಳ ಕೆಲಸ. ಇನ್ನೊಂದು ಕ್ರಮದಲ್ಲಿ ಅಷ್ಟು ತಾಳ್ಮೆಯಿಲ್ಲ. ಕುದಿಯುವ ಲಾವಾ ನೇರವಾಗಿ ಸಮುದ್ರಕ್ಕೆ ಬಿದ್ದಾಗ, ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದಂತೆ ಸಿಡಿದು, ಆ ಕ್ಷಣದಲ್ಲಿಯೇ ಗಾಜಿನ ಚೂರುಗಳಾಗಿ ಒಡೆದು, ಅಲೆಗಳ ಕೈಗೆ ಸಿಕ್ಕಿ, ದಿನಗಳಲ್ಲಿಯೋ ತಿಂಗಳುಗಳಲ್ಲಿಯೋ ಒಂದು ಹೊಸ ಕಡಲತಡಿಯಾಗಿ ಬಿಡುತ್ತದೆ. ಹವಾಯಿ ದ್ವೀಪಗಳಲ್ಲಿ ಇದು ಈಚಿನ ವರ್ಷಗಳವರೆಗೂ ನಡೆದಿರುವ ವ್ಯಾಪಾರ. ಅಲ್ಲಿ 2018ರಲ್ಲಿ ಕಿಲವೇಯಾ ಜ್ವಾಲಾಮುಖಿ ಉಕ್ಕಿದಾಗ ಪೊಹೊಯಿಕಿ ಎಂಬಲ್ಲಿ ಮೊದಲಿಲ್ಲದ ಕಪ್ಪು ಬೇಲೆಯೊಂದು ಜನರ ಕಣ್ಣೆದುರಿಗೇ ಹುಟ್ಟಿಕೊಂಡಿತು. ಹುಟ್ಟಿದಷ್ಟೇ ಸುಲಭವಾಗಿ ಸಾಯುವುದೂ ಉಂಟು. ಅದೇ ದ್ವೀಪದ ಕಾಲಪಾನಾ ಊರಿನ ಬಳಿ ಕಾಯ್ಮು ಎಂಬ ಸುಪ್ರಸಿದ್ಧವಾದ ಕರಿ ಉಸುಕಿನ ತೀರವಿತ್ತು; ತೆಂಗಿನ ಮರಗಳ ನೆರಳಿನಲ್ಲಿ ಯಾತ್ರಿಕರು ಚಿತ್ರ ತೆಗೆಸಿಕೊಳ್ಳುತ್ತಿದ್ದ ಆ ಕೊಲ್ಲಿಯನ್ನು 1990ರ ಲಾವಾ ಪ್ರವಾಹವು ಹತ್ತಾರು ಅಡಿ ಆಳಕ್ಕೆ ಹೂತುಬಿಟ್ಟಿತು. ಊರವರು ಸುಮ್ಮನೆ ಕೂಡಲಿಲ್ಲ: ಹೆಪ್ಪುಗಟ್ಟಿದ ಲಾವಾದ ಮೇಲೆಯೇ ತೆಂಗಿನ ಸಸಿಗಳನ್ನು ನೆಟ್ಟರು, ಅದರ ಹೊಸ ಅಂಚಿನಲ್ಲಿ ಸಮುದ್ರವು ಮತ್ತೆ ಕರಿ ಉಸುಕನ್ನು ಕೂಡಿಸತೊಡಗಿತು. ಪುನಲೂವು ಎಂಬ ಇನ್ನೊಂದು ತೀರದಲ್ಲಿ ಹಸಿರು ಕಡಲಾಮೆಗಳು ಮೇಲೆ ಬಂದು ಕಾದ ಕರಿ ಉಸುಕಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತವೆ. ಆ ನಾಡಿನ ಅಗ್ನಿದೇವತೆ ಪೆಲೆಯ ಕಲ್ಲನ್ನಾಗಲಿ ಉಸುಕನ್ನಾಗಲಿ ಎತ್ತಿಕೊಂಡು ಹೋದವರಿಗೆ ಕೇಡು ತಪ್ಪದೆಂಬ ನಂಬಿಕೆಯೊಂದಿದ್ದು, ಊರು ಸೇರಿದ ಮೇಲೆ ಕಾಲು ಮುರಿದುಕೊಂಡವರೋ ಕೆಲಸ ಕಳೆದುಕೊಂಡವರೋ ಆ ಕಲ್ಲುಗಳನ್ನು ಟಪಾಲಿನಲ್ಲಿ ಹಿಂದಿರುಗಿಸುತ್ತಾರಂತೆ. ನಂಬಿಕೆ ಹೊಸದೆಂದು ಬಲ್ಲವರು ಹೇಳುತ್ತಾರೆ. ಹೊಸದಾದರೇನು, ಸರಕಾರದ ಕಾಯಿದೆಗಿಂತ ಅದೇ ಹೆಚ್ಚು ಉಸುಕನ್ನು ಉಳಿಸಿರಬೇಕು.

ಇಲ್ಲಿ ಹುಡುಗನ ಪ್ರಶ್ನೆಗೆ ಹಿಂದಿರುಗುತ್ತೇನೆ. 1938ರಲ್ಲಿ ಗೋಲ್ಡಿಚ್ ಎಂಬ ಅಮೆರಿಕದ ಭೂವಿಜ್ಞಾನಿಯು ಒಂದು ಸರಳವಾದ ಕ್ರಮವನ್ನು ತೋರಿಸಿಕೊಟ್ಟನು. ಶಿಲಾರಸವು ತಣಿಯುವಾಗ ಅತ್ಯಂತ ಹೆಚ್ಚು ಶಾಖದಲ್ಲಿ ಮೊದಲು ಹರಳುಗಟ್ಟುವ ಖನಿಜಗಳು ಯಾವುವೋ ಅವೇ ಗಾಳಿ ಮಳೆಗಳಿಗೆ ಎಲ್ಲಕ್ಕಿಂತ ಬೇಗ ಸೋಲುತ್ತವೆ. ತಡವಾಗಿ, ಕಡಿಮೆ ಶಾಖದಲ್ಲಿ ಹುಟ್ಟುವ ಸ್ಫಟಿಕ ಶಿಲೆಯ ಕಣ ಎಲ್ಲಕ್ಕಿಂತ ಹೆಚ್ಚು ಬಾಳುತ್ತದೆ. ಬೆಂಕಿಯಲ್ಲಿ ಹುಟ್ಟಿದುದಕ್ಕೆ ನೀರೇ ಮೃತ್ಯು. ಕರಿಶಿಲೆಯ ಮೈಯಲ್ಲಿರುವ ಆಲಿವಿನ್, ಪೈರಾಕ್ಸೀನ್ ಮುಂತಾದ ಗಾಢ ಬಣ್ಣದ ಖನಿಜಗಳು ದೂರ ಪ್ರಯಾಣವನ್ನು ತಾಳಲಾರದೆ ದಾರಿಯಲ್ಲಿಯೇ ಕರಗಿ ಜೇಡಿಯಾಗುತ್ತವೆ. ಬೇರೆ ಶಿಲೆಗಳಿಂದ ಬಂದು ಕೂಡಿದ ಬಿಳಿಯ ಸ್ಫಟಿಕ ಉಳಿದುಕೊಳ್ಳುತ್ತದೆ. ಆದಕಾರಣ ಉಸುಕಿಗೂ ಮನುಷ್ಯನ ತಲೆಗೂದಲಿಗೂ ಒಂದೇ ಧರ್ಮ: ಹರೆಯದಲ್ಲಿ ಕಪ್ಪು, ಮುಪ್ಪಿನಲ್ಲಿ ಬಿಳುಪು. ಚಿತ್ರಪಟಗಳಲ್ಲಿ ನಾವು ಮೆಚ್ಚುವ ಸ್ಫಟಿಕದ ಬಿಳಿ ಬೇಲೆಗಳು ನರೆತ ಬೇಲೆಗಳು. (ಹವಳ ಚಿಪ್ಪುಗಳ ಪುಡಿಯಿಂದಾದ ಬಿಳುಪಿನ ಮಾತು ಬೇರೆ.) ಇಂತಹ ಕರಿಶಿಲೆಯ ಕಪ್ಪು ಬೇಲೆ ಇರಬೇಕಾದರೆ ಸಾಮಾನ್ಯವಾಗಿ ಬೆಟ್ಟವು ಕಡಲಿನಲ್ಲಿ ಕಾಲಿಳಿಬಿಟ್ಟು ಕುಳಿತಿರಬೇಕು, ಕಲ್ಲು ಉಸುಕಾಗುವ ಸ್ಥಳಕ್ಕೂ ಅಲೆ ಬಡಿಯುವ ಸ್ಥಳಕ್ಕೂ ನಡುವೆ ನದಿಯ ದೂರದ ದಾರಿ ಇರಬಾರದು.

ನಮ್ಮ ರಾಜ್ಯದಲ್ಲಿ ಇದಕ್ಕೆ ನಿದರ್ಶನವಾಗಿರುವ ತೀರ ತಿಳ್‌ಮಾತಿ. ಕಾರವಾರದಿಂದ ಕಾಳೀ ನದಿಯ ಸೇತುವೆಯನ್ನು ದಾಟಿ, ಸದಾಶಿವಗಡದ ಬೆಟ್ಟವನ್ನು ಬಿಟ್ಟು ಗೋವೆಯ ಕಡೆಗೆ ಹೋದರೆ ಮಾಜಾಳಿ. ಕೃಷ್ಣೆಯ ದಂಡೆಯಿಂದ ಹೊರಟವನು ಕರಿ ಉಸುಕನ್ನು ನೋಡಲು ದಾಟಬೇಕಾದ ಕೊನೆಯ ನದಿಯ ಹೆಸರೂ ಕಾಳೀ ಎಂಬುದು, ಹೆಸರಿಡುವವರ ಯಾವ ಉದ್ದೇಶವೂ ಇಲ್ಲದೆ ಕೂಡಿಬಂದ ಸೊಗಸು. ನಾನೂ ನನ್ನ ಮನೆಯವರೂ ಹುಬ್ಬಳ್ಳಿಯ ಮೇಲೆ ಬಸ್ಸಿನಲ್ಲಿ ಘಟ್ಟವಿಳಿದು ಹೋದೆವು. ಮಾಜಾಳಿಯ ತೀರ ಎಲ್ಲ ತೀರಗಳಂತೆ ತಿಳಿ ಬಣ್ಣದ ಉಸುಕಿನದು. ದೋಣಿಗಳು, ಬಲೆಗಳು, ತೆಂಗು, ಒಣಗಲು ಹರಡಿದ ಮೀನು. ಅಲ್ಲಿಂದ ಒಂದು ಗುಡ್ಡದ ಕಾಲುದಾರಿಯನ್ನು ಹತ್ತಿ ಇಳಿಯಬೇಕು. ಅರವತ್ತು ದಾಟಿದ ಮೊಣಕಾಲುಗಳಿಗೆ ಅದು ಗುಡ್ಡವೇ ಹೌದು. ಮೀನುಗಾರರ ಮಕ್ಕಳು ಅದನ್ನು ಹೊಸ್ತಿಲಿನಂತೆ ದಾಟುತ್ತಿದ್ದರು. ಇಳಿಜಾರಿನ ಗಿಡಗಳು ತೆರೆದುಕೊಂಡಾಗ ಕೆಳಗೆ ಎರಡು ಬಂಡೆಚಾಚುಗಳ ನಡುವೆ ಕಂಡದ್ದು, ಯಾರೋ ಎಳ್ಳಿನ ರಾಶಿಯನ್ನು ಕಣದಲ್ಲಿ ಹರವಿ ಮರೆತುಹೋದಂತಹ ಒಂದು ತುಂಡು ತೀರ.

ಹೆಸರೂ ಅದೇ. ಕೊಂಕಣಿಯಲ್ಲಿ ತೀಳ್ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಹೆಸರಿಟ್ಟವನು ಪಂಡಿತನಾಗಿದ್ದರೆ ಕೃಷ್ಣಸೈಕತವೆಂದೋ ನೀಲಪುಲಿನವೆಂದೋ ಇಟ್ಟು ಕೆಡಿಸುತ್ತಿದ್ದನು. ಅಡಿಗೆಮನೆಯನ್ನು ಬಲ್ಲವರು ಇಟ್ಟುದರಿಂದ ಹೆಸರು ಕಣ್ಣಿಗೆ ಕಾಣುತ್ತದೆ. ಕಣಗಳು ನುಣುಪಾದ ಹಿಟ್ಟಿನಂತಿಲ್ಲ, ಬಿಡಿಬಿಡಿಯಾಗಿ ಎಣಿಸಬಹುದಾದಷ್ಟು ಉರುಟಾಗಿವೆ. ಅತ್ತಿತ್ತಲಿನ ಕರಿಬಂಡೆಗಳು ಅಲೆಯ ಪೆಟ್ಟಿಗೆ ಒಡೆದು, ಅಲ್ಲಿಯೇ ಬಿದ್ದು, ಅಲ್ಲಿಯೇ ಉರುಳಿ ಎಳ್ಳಾದವು. ಗುಡ್ಡದ ಆಚೆ ಮಾಜಾಳಿಯಲ್ಲಿ ತಿಳಿ ಬಣ್ಣ, ಈಚೆ ಕಪ್ಪು. ನಡುವೆ ಇರುವುದು ಒಂದೇ ಗುಡ್ಡ. ಗೋಲ್ಡಿಚ್ಚನ ಲೇಖನವನ್ನು ಓದದವರಿಗೆ ಈ ಒಂದು ಗುಡ್ಡವನ್ನು ಹತ್ತಿಸಿ ಇಳಿಸಿದರೆ ಸಾಕು. ನನ್ನ ಮನೆಯವರು ನೀರಿಗಿಳಿದು ಮೇಲೆ ಬಂದಾಗ ಪಾದಗಳ ತುಂಬ ಕರಿ ಕಣಗಳು ಹತ್ತಿಕೊಂಡಿದ್ದುವು. ಅವರು ತಮ್ಮ ಕಾಲನ್ನು ತಾವೇ ನೋಡಿಕೊಂಡು, "ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಆತಲ್ರೀ ಕಾಲು" ಎಂದರು. ನಾನು ಕಡಲತೀರಗಳ ಮೇಲೆ ಓದಿದ ವರ್ಣನೆಗಳಲ್ಲಿ ಇದಕ್ಕಿಂತ ನಿಖರವಾದುದು ಇನ್ನೊಂದಿಲ್ಲ. ಎಳ್ಳಮಾಸಿಯ ದಿನ ಬುತ್ತಿ ಕಟ್ಟಿಕೊಂಡು ಎರೆ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಕರಿ ನೆಲದ ಮೇಲೆ ಕುಳಿತು ಸಜ್ಜೆ ರೊಟ್ಟಿ ತಿಂದು ಬೆಳೆದವರ ಬಾಯಿಯಿಂದ ಅಲ್ಲದೆ ಆ ಮಾತು ಬೇರೆ ಯಾರ ಬಾಯಿಯಿಂದ ಬರಬೇಕು?

ತಿಳ್‌ಮಾತಿಯಲ್ಲಿ ಅಂದು ಇದ್ದವರು ನಾವಿಬ್ಬರು, ಮೂವರು ಹುಡುಗರು, ಒಂದು ನಾಯಿ. ಅಂಗಡಿಯಿಲ್ಲ, ಕೊಡೆಯಿಲ್ಲ. ಇನ್ನೂ ಸ್ವಲ್ಪ ಕಾಲ ಹೀಗೆಯೇ ಇರಲೆಂಬ ಸ್ವಾರ್ಥದಿಂದ ಈ ತೀರದ ವಿಷಯವನ್ನು ಹೇಳಬಾರದೆಂದಿದ್ದೆನು. ಆದರೆ ದತ್ತಿಯ ಹಣ ತೆಗೆದುಕೊಂಡು ಮುಚ್ಚಿಡುವುದು ಸರಿಯಲ್ಲವಷ್ಟೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಕರಿ ತೀರವನ್ನು ನಾನು ಕಂಡದ್ದು ನ್ಯೂಜಿಲೆಂಡಿನಲ್ಲಿ, ಅಲ್ಲಿ ನೆಲೆಸಿರುವ ಮಗಳ ಮನೆಗೆ ಹೋದಾಗ. ಆಕ್ಲೆಂಡ್ ನಗರದ ಪಶ್ಚಿಮಕ್ಕೆ ಪೀಹಾ ಎಂಬ ತೀರವಿದೆ. ನಡುವೆ ಸಿಂಹದಂತೆ ಕುಳಿತ ಒಂದು ಬಂಡೆ, ಅದರ ಎರಡು ಪಕ್ಕಗಳಲ್ಲಿಯೂ ಮುಗಿಯದೆಂಬಂತೆ ಚಾಚಿದ ಕಪ್ಪು. ಬಿಸಿಲಿನಲ್ಲಿ ಅದು ಸುಮ್ಮನೆ ಕಪ್ಪಾಗಿರುವುದಿಲ್ಲ, ಹೊಸ ರೇಷ್ಮೆಯಂತೆ ಒಳಗಿನಿಂದ ಮಿನುಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಕಾದು, ಬರಿಗಾಲಿನ ಬಿಳಿಯ ಮಕ್ಕಳು ಕಿರುಚಿಕೊಂಡು ನೀರಿನ ಕಡೆಗೆ ಓಡುತ್ತಿದ್ದರು. ಅಳಿಯಂದಿರು ನನಗೂ ಚಪ್ಪಲಿ ತರಲೇ ಎಂದು ಕೇಳಿದರು. ಮೇ ತಿಂಗಳಿನಲ್ಲಿ ರಾಯಚೂರಿನ ಡಾಂಬರು ರಸ್ತೆಯನ್ನು ಬರಿಗಾಲಿನಲ್ಲಿ ದಾಟಿ ಬೆಳೆದವನನ್ನು ಕೇಳುವ ಮಾತೇ ಅದು? ಬೇಡವೆಂದೆ, ಹತ್ತು ಹೆಜ್ಜೆಯಲ್ಲಿ ನನ್ನ ಜಿಲ್ಲಾಭಿಮಾನ ಕರಗಿ, ಚಪ್ಪಲಿ ತರಿಸಿಕೊಂಡೆ.

ಆ ಉಸುಕಿನ ಇತಿಹಾಸ ಸ್ವಾರಸ್ಯವಾದುದು. ದಕ್ಷಿಣದಲ್ಲಿರುವ ತಾರನಾಕಿ ಎಂಬ ಜ್ವಾಲಾಮುಖಿ ಪರ್ವತದಿಂದಲೂ ಇತರ ಅಗ್ನಿಶೈಲಗಳಿಂದಲೂ ಹೊರಟ ಕಬ್ಬಿಣ ಮಿಶ್ರಿತ ಖನಿಜಕಣಗಳನ್ನು ಕಡಲಿನ ಪ್ರವಾಹಗಳು ಪಶ್ಚಿಮ ದಂಡೆಯುದ್ದಕ್ಕೂ ಉತ್ತರಕ್ಕೆ ಸಾಗಿಸಿಕೊಂಡು ಬಂದು ಅಲ್ಲಿ ಕೂಡಿಸುತ್ತಿವೆ. ಯೂರೋಪಿನಿಂದ ಬಂದು ನೆಲೆಸಿದವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ಕಂಡು, ತೀರವೆಲ್ಲ ಕಬ್ಬಿಣವೆಂದು ಹಿಗ್ಗಿ, ಕುಲುಮೆಗಳನ್ನು ಹೂಡಿ, ಕೈಸುಟ್ಟುಕೊಂಡರು. ಉಸುಕಿನಲ್ಲಿದ್ದ ಟೈಟೇನಿಯಂ ಅವರ ಕುಲುಮೆಗಳ ಗಂಟಲನ್ನು ಕಟ್ಟಿಬಿಡುತ್ತಿತ್ತು. 1960ರ ದಶಕದ ಕೊನೆಗೆ ಗ್ಲೆನ್‌ಬ್ರೂಕ್ ಎಂಬಲ್ಲಿ ಬೇರೆ ವಿಧಾನವೊಂದರಿಂದ ಆ ಕರಿ ಉಸುಕು ಉಕ್ಕಾಯಿತು. ಪೀಹಾದಲ್ಲಿ ಮೊಮ್ಮಗನು ಆಟಿಕೆಯ ಅಯಸ್ಕಾಂತವನ್ನು ಉಸುಕಿನಲ್ಲಿ ಎಳೆದು, ಅದಕ್ಕೆ ಬೆಳೆದ ಕರಿ ಮೀಸೆಯನ್ನು ನನಗೆ ತೋರಿಸಲು ಓಡಿಬಂದಾಗ, ಹೂವಿನಹೆಡಗಿಯ ಆ ಹುಡುಗ ಈಗ ಎಲ್ಲಿರಬಹುದೆಂದು ಯೋಚಿಸಿದೆನು. ನಮ್ಮಲ್ಲಿ ಒಂದು ಫರ್ಲಾಂಗು ಎಳೆದರೆ ಸಿಗುವಷ್ಟು ಪುಡಿ ಅಲ್ಲಿ ಒಂದು ಗೇಣಿಗೆ ಸಿಕ್ಕಿತು. ಅಷ್ಟೇ ವ್ಯತ್ಯಾಸ.

ಉಳಿದ ತೀರಗಳನ್ನು ನಾನು ಗ್ರಂಥಮುಖದಿಂದ ಬಲ್ಲೆನು, ಆದುದರಿಂದ ಬೇಗ ಸಾಗುತ್ತೇನೆ. ಐಸ್‌ಲೆಂಡಿನ ವೀಕ್ ಊರಿನ ಬಳಿ ಇರುವ ರೇನಿಸ್‌ಫ್ಯಾರಾದಲ್ಲಿ ಕರಿ ಉಸುಕಿನ ಹಿಂದೆ ಕರಿಶಿಲೆಯ ಷಟ್ಕೋನದ ಕಂಬಗಳು ಯಾವುದೋ ಮುಗಿಯದ ದೇಗುಲದ ಸಾಲುಗಂಬಗಳಂತೆ ನಿಂತಿವೆ. ಸಮುದ್ರದಲ್ಲಿ ನಿಂತ ಬಂಡೆಗಳನ್ನು, ಹಡಗೊಂದನ್ನು ಎಳೆಯುತ್ತಿದ್ದಾಗ ಬೆಳಗಾಗಿ ಕಲ್ಲಾದ ರಾಕ್ಷಸರೆಂದು ಆ ಜನ ಹೇಳುತ್ತಾರೆ. ಸದ್ದಿಲ್ಲದೆ ಬಂದು ನಿಂತವರನ್ನು ಎಳೆದೊಯ್ಯುವ ಅಲೆಗಳಿಗಾಗಿಯೂ ಆ ತೀರ ಕುಪ್ರಸಿದ್ಧ. ಎಚ್ಚರಿಕೆಯ ಫಲಕವನ್ನು ಓದಿಯೂ ಬೆನ್ನು ತಿರುಗಿಸಿ ಚಿತ್ರ ತೆಗೆಸಿಕೊಳ್ಳುವವರು ಪ್ರತಿವರ್ಷ ಬರುತ್ತಾರೆ. ಕಂಬಗಳನ್ನಷ್ಟೇ ನೋಡಬೇಕಾದರೆ ನಮ್ಮ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದು. ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದ, ಸುಮಾರು 8.8 ಕೋಟಿ ವರ್ಷಗಳ ಲಾವಾ ಕಂಬಗಳು ಅಲ್ಲಿವೆ. ಆದರೆ ತೀರದ ತುಂಬ ಚಿಪ್ಪಿನ ಬಿಳುಪು. ಗ್ರೀಸಿನ ಸಾಂತೊರಿನಿಯಲ್ಲಿ ಪೆರಿಸ್ಸಾ, ಕಮಾರಿ ಎಂಬ ಕರಿ ತೀರಗಳು, ಕ್ರಿಸ್ತಪೂರ್ವ ಹದಿನಾರು ಹದಿನೇಳನೆಯ ಶತಮಾನಗಳ ಸುಮಾರಿಗೆ ಸಿಡಿದು ಆ ದ್ವೀಪದ ನಡುವನ್ನೇ ನುಂಗಿದ ಮಹಾಸ್ಫೋಟದ ನೆನಪನ್ನು ಹೊತ್ತ ನೆಲದ ಮೇಲಿವೆ. ಜಾವಾದ ಪರಂಗ್‌ತ್ರಿತಿಸ್ ತೀರದಲ್ಲಿ ದಕ್ಷಿಣ ಸಮುದ್ರದ ರಾಣಿಗೆ ಹಸಿರು ಬಣ್ಣ ಮೀಸಲೆಂದು, ಹಸಿರು ಉಟ್ಟವರನ್ನು ಅವಳು ಸೆಳೆದುಕೊಳ್ಳುವಳೆಂದು ನಂಬುತ್ತಾರೆ. ಹಸಿರು ಸೀರೆ, ಹಸಿರು ಬಳೆಗಳಿಲ್ಲದೆ ಶುಭಕಾರ್ಯವೇ ನಡೆಯದ ನಮ್ಮ ಹೆಣ್ಣುಮಕ್ಕಳು ಅಲ್ಲಿಗೆ ಹೋಗುವಾಗ ಪೆಟ್ಟಿಗೆಯನ್ನು ಎರಡು ಬಾರಿ ನೋಡಿಕೊಳ್ಳುವುದು ಲೇಸು.

ಇಷ್ಟು ಹೊತ್ತು ಹೇಳಿದುದು ಬೆಂಕಿ ಹೆತ್ತ ಕರಿ ಉಸುಕು. ಅಲೆ ಆರಿಸಿದ ಕರಿ ಉಸುಕು ಎಂಬ ಇನ್ನೊಂದು ಜಾತಿಯುಂಟು. ಇದನ್ನು ತಿಳಿಯಲು ರೈತರ ಮಕ್ಕಳಾದ ನಿಮಗೆ ಗ್ರಂಥ ಬೇಡ. ಸುಗ್ಗಿಯಲ್ಲಿ ಜೋಳದ ರಾಶಿಯನ್ನು ಗಾಳಿಗೆ ತೂರುವಾಗ ಕಾಳು ಕಾಲಬುಡದಲ್ಲಿ ಬಿದ್ದು ಹೊಟ್ಟು ದೂರ ಹಾರುವುದಷ್ಟೆ. ಸಮುದ್ರವು ತನ್ನ ತೀರದ ಕಣದಲ್ಲಿ ಹಗಲಿರುಳು ಇದನ್ನೇ ಮಾಡುತ್ತದೆ. ಸ್ಫಟಿಕದ ಕಣವು ನೀರಿಗಿಂತ ಸುಮಾರು 2.65 ಪಟ್ಟು ಭಾರ. ಇಲ್ಮೆನೈಟ್ ಎಂಬ ಕರಿ ಖನಿಜ 4.7 ಪಟ್ಟು, ಮ್ಯಾಗ್ನೆಟೈಟ್ 5.2 ಪಟ್ಟು. ಮಳೆಗಾಲದ ಅಲೆ ಬಡಿದು ಹಿಂದೆ ಸರಿಯುವಾಗ ಹಗುರವಾದ ಬಿಳಿಯದನ್ನು ಹೊತ್ತೊಯ್ದು, ಭಾರವಾದ ಕರಿಯದನ್ನು ಬಿಟ್ಟುಹೋಗುತ್ತದೆ. ಹೀಗೆ ಆರಿಸಿ ಆರಿಸಿ ಕೂಡಿಸಿಟ್ಟ ಕರಿ ಉಸುಕಿನ ಭಂಡಾರ ಕೇರಳದ ಕೊಲ್ಲಂ ಜಿಲ್ಲೆಯ ಚವರಾ ತೀರ. ಅಲ್ಲಿನವರು ಅದನ್ನು ಕರಿಮಣಲ್ ಎನ್ನುತ್ತಾರೆ, ನಮ್ಮ ಕರಿ ಮಳಲೇ.

ಈ ಉಸುಕಿನ ಬೆಲೆ ಲೋಕಕ್ಕೆ ತಿಳಿದುಬಂದದ್ದು ಹಗ್ಗದಿಂದ. ತಿರುವಾಂಕೂರಿನಿಂದ ಯೂರೋಪಿಗೆ ಹೋಗುತ್ತಿದ್ದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಉಸುಕನ್ನು 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ಪರೀಕ್ಷಿಸಿ, ಅದರಲ್ಲಿ ಮೊನಜೈಟ್ ಖನಿಜವಿರುವುದನ್ನು ಕಂಡನು. ಮೊನಜೈಟ್ ತಾನು ಜೇನು ಬಣ್ಣದ್ದು, ಕರಿ ಇಲ್ಮೆನೈಟಿನ ನೆರೆಯಲ್ಲಿ ಬಾಳುವಂಥದು. ಅದರ ಒಡಲಲ್ಲಿರುವುದು ಥೋರಿಯಂ. ಆ ದಿನಗಳಲ್ಲಿ ಥೋರಿಯಂ ಯಾರಿಗೆ ಬೇಕಾಗಿತ್ತೆಂದರೆ, ಆಸ್ಟ್ರಿಯಾದ ಔಯರ್ ಫಾನ್ ವೆಲ್ಸ್‌ಬಾಖ್ ಕಂಡುಹಿಡಿದ ಗ್ಯಾಸ್‌ಬತ್ತಿಯ ಮ್ಯಾಂಟಲಿಗೆ: ನೂರಕ್ಕೆ ತೊಂಬತ್ತೊಂಬತ್ತು ಪಾಲು ಥೋರಿಯಂ, ಒಂದು ಪಾಲು ಸೀರಿಯಂ, ಇವುಗಳ ದ್ರಾವಣದಲ್ಲಿ ಅದ್ದಿದ ಬಟ್ಟೆಯ ಚೀಲ ಸುಟ್ಟು ಉಳಿಯುವ ಬೂದಿಯ ಜಾಳಿಗೆಯೇ ಬೆಳಗುವುದು. ಮಾನ್ವಿಯ ಕಡೆಯ ಊರುಗಳಲ್ಲಿ ಕರೆಂಟು ಬರುವ ಮುನ್ನ ಮದುವೆಯ ಹಂದರದಲ್ಲಿ, ಬಯಲಾಟದ ರಂಗದಲ್ಲಿ, ಭಜನೆಯ ಕಟ್ಟೆಯಲ್ಲಿ ಭುಸುಗುಟ್ಟುತ್ತ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸುಗಳನ್ನು ನೆನೆಯಿರಿ. ಜಗನ್ನಾಥದಾಸರ ಆರಾಧನೆಯ ರಾತ್ರಿ ಆ ಬೆಳಕಿನಲ್ಲಿ ಹರಿಕಥಾಮೃತಸಾರದ ಪಾರಾಯಣ ಕೇಳುತ್ತ ನಿದ್ದೆಹೋದ ಬಾಲ್ಯ ನನ್ನದು. ಮುಟ್ಟಿದರೆ ಉದುರಿ ಬೀಳುವ ಆ ಬೂದಿಯ ಚೀಲದಲ್ಲಿ ಯಾವುದೋ ಕಡಲತಡಿಯ ಉಸುಕು ಉರಿಯುತ್ತಿದೆಯೆಂದು, ಕೆಳಗೆ ಕುಳಿತು ತಾಳ ಹಾಕುತ್ತಿದ್ದ ನಮಗೆ ಯಾರು ಹೇಳಬೇಕಾಗಿತ್ತು? ಕಡಲಿಗೂ ನಮಗೂ ಸಂಬಂಧವಿಲ್ಲವೆಂಬವರಿಗೆ ನನ್ನ ಮೊದಲ ಸಾಕ್ಷಿ ಆ ದೀಪ.

ಮುಂದೆ ಥೋರಿಯಂ ದೀಪದಿಂದ ಪರಮಾಣುಶಕ್ತಿಗೆ ಬಡ್ತಿ ಪಡೆಯಿತು. 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಸ್ಥಾಪನೆಯಾಯಿತು. ಕರಿಮಣಲ್ ರಾಷ್ಟ್ರದ ಆಸ್ತಿಯಾಯಿತು. ಆಸ್ತಿಯಾದುದರ ಗತಿ ತಿಳಿದದ್ದೇ. ಚವರಾದ ಸಮೀಪದ ಆಲಪ್ಪಾಡ್ ಗ್ರಾಮದ ಮೀನುಗಾರರು ತಮ್ಮ ಊರಿನ ನೆಲ ವರ್ಷವರ್ಷಕ್ಕೂ ಸಮುದ್ರದ ಪಾಲಾಗುತ್ತಿದೆಯೆಂದು 2018-19ರಲ್ಲಿ ಧರಣಿ ಕುಳಿತರು. ಅಲೆಯು ಸಹಸ್ರ ವರ್ಷ ತೂರಿ ಕೂಡಿಸಿದ ರಾಶಿಯನ್ನು ಯಂತ್ರಗಳು ಹೊತ್ತೊಯ್ದರೆ, ಅಲೆಯು ತನ್ನ ಜಾಗವನ್ನು ಕೇಳಲು ಊರೊಳಗೆ ಬಾರದೆ ಇನ್ನೇನು ಮಾಡೀತು?

ಇನ್ನು ಸಂಚಾಲಕರ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ನಮ್ಮ ಕೃಷ್ಣೆ ಮಹಾಬಳೇಶ್ವರದಿಂದ ಹೊತ್ತು ತಂದ ಕರಿಶಿಲೆ ಏನಾಯಿತು? ನಮ್ಮ ಉತ್ತರಕ್ಕೆ ಅವಳನ್ನು ಸೇರುವ ಭೀಮೆ ಭೀಮಾಶಂಕರದಿಂದ ತಂದದ್ದು ಏನಾಯಿತು? ಅದು ದಾರಿಯಲ್ಲಿ ಮುಪ್ಪಾಯಿತು, ಕರಗಿ ಜೇಡಿಯಾಯಿತು, ದಂಡೆದಂಡೆಯಲ್ಲಿ ಕುಳಿತು ಮಣ್ಣಾಯಿತು. ನಮ್ಮ ಜಿಲ್ಲೆಯ ತಳಶಿಲೆ ಬಹುಪಾಲು ಗ್ರಾನೈಟು ಮತ್ತು ನೈಸ್. ಹೊಳೆಯ ಬಿಳಿ ಉಸುಕಿನಲ್ಲಿ ಹೆಚ್ಚಿನದು ಈ ಶಿಲೆಗಳ ಸ್ಫಟಿಕ. ನಮ್ಮ ಎರೆ ಹೊಲವೆಲ್ಲವೂ ಲಾವಾದ ಮಗಳೆಂದು ಹೇಳಲಾಗದು, ಇಲ್ಲಿನ ಶಿಲೆಗಳೂ ಶತಶತಮಾನ ಕೊಳೆತು ಎರೆಯಾಗಿವೆ. ಆದರೂ ಪಡುವಣ ಘಟ್ಟದ ಆ ಕರಿಯ ಕಲ್ಲು, 64 ಕಿಲೋಮೀಟರಿನ ಹತ್ತಿರದ ದಾರಿ ಹಿಡಿದಲ್ಲಿ ನೋಡತಕ್ಕ ತೀರವಾಯಿತು. 1,400 ಕಿಲೋಮೀಟರಿನ ದೂರದ ದಾರಿ ಹಿಡಿದಲ್ಲಿ ಬಿತ್ತತಕ್ಕ ಮಣ್ಣಾಯಿತು. ಮಸಾರಿಗಿಂತ ಎರೆ ಹೊಲಕ್ಕೆ ಹೆಚ್ಚು ಬೆಲೆ ಕಟ್ಟುವ, ಹಿಂಗಾರಿ ಜೋಳಕ್ಕೆ ಎರೆಯೇ ಬೇಕೆನ್ನುವ ನಮ್ಮ ರೈತನು, ಸಾಂತೊರಿನಿಗೆ ವಿಮಾನ ಹತ್ತುವ ಯಾತ್ರಿಕನಿಗಿಂತ ಕರಿಯದರ ಬೆಲೆಯನ್ನು ಕಡಿಮೆಯಾಗಿ ಬಲ್ಲವನಲ್ಲ.

ಇದಕ್ಕಿಂತಲೂ ಹಳೆಯ ಸಂಬಂಧವೊಂದಿದೆ. ಹಟ್ಟಿಯ ಚಿನ್ನದ ಗಣಿಯ ಕರಿ ಕಲ್ಲನ್ನು ನೀವೆಲ್ಲರೂ ನೋಡಿದ್ದೀರಿ. ಹಟ್ಟಿಯಿಂದ ಮಸ್ಕಿಯ ಕಡೆಗೆ ಹಬ್ಬಿರುವ ಆ ಶಿಲಾಪಟ್ಟಿಯು 250 ಕೋಟಿ ವರ್ಷಗಳಿಗೂ ಹಿಂದಿನ ಲಾವಾ. ಅದರಲ್ಲಿ ಕೆಲವೆಡೆ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತಹ ಆಕಾರಗಳಿವೆ; ಲಾವಾ ನೀರಿನ ಅಡಿಯಲ್ಲಿ ಉಕ್ಕಿ ಹೆಪ್ಪುಗಟ್ಟಿದಾಗ ಮಾತ್ರ ತಳೆಯುವ ಆಕಾರ ಅದು. ಇದರ ತಾತ್ಪರ್ಯವೇನು? ಕಿಲವೇಯಾದ ಬೆಂಕಿ ಕಡಲಿಗೆ ಇಳಿಯುವುದನ್ನು ನೋಡಲು ಜನರು ಈಚಿನವರೆಗೂ ಹವಾಯಿಗೆ ಹೋಗುತ್ತಿದ್ದರು; ಬೆಂಕಿ ನೀರುಗಳ ಅದೇ ಜಗಳ ಒಂದು ಕಾಲದಲ್ಲಿ ಲಿಂಗಸುಗೂರು ತಾಲೂಕಿನಲ್ಲಿ ನಡೆದಿತ್ತು, ನೋಡುವವರಿರಲಿಲ್ಲ. ಆ ಕಾಲದ ತೀರಗಳ ಉಸುಕು ಯಾವ ಬಣ್ಣದ್ದಿತ್ತೆಂಬುದನ್ನು ನಿಮ್ಮ ಊಹೆಗೆ ಬಿಡುತ್ತೇನೆ.

ದೇವದುರ್ಗದ ಮಿತ್ರರು ಇನ್ನೊಂದು ಮಾತನ್ನು ನಿರೀಕ್ಷಿಸುತ್ತಿದ್ದೀರಿ, ನನಗೆ ಗೊತ್ತು. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಹೊಳೆಯ ಉಸುಕಿನ ಮೇಲೆ ಹುಡುಗರು ಕುಸ್ತಿ ಆಡುತ್ತಿದ್ದರು. ಈಗ ಅದು ರಾತ್ರಿಯೆಲ್ಲ ಟಿಪ್ಪರುಗಳ ಮೇಲೆ ಹೋಗುತ್ತದೆ. ಗೋಲ್ಡಿಚ್ಚನ ಕ್ರಮದಂತೆ ಉಳಿದ ಖನಿಜಗಳು ಸತ್ತು ಸ್ಫಟಿಕವೊಂದೇ ಬದುಕಿ ಆದ ಆ ಬಿಳಿ ಉಸುಕು, ನಮ್ಮೆಲ್ಲರ ಮನೆಗಳ ಗೋಡೆಯಲ್ಲಿದೆ. ಈ ಸಭಾಂಗಣದ ಗೋಡೆಯಲ್ಲಿಯೂ ಇದೆ. ಆದುದರಿಂದ ದೂರುವಾಗ ನನ್ನ ದನಿ ಸ್ವಲ್ಪ ಸಣ್ಣದಾಗುತ್ತದೆ. ಕಳೆದ ತಿಂಗಳು ಹೊಳೆಗೆ ಹೋಗಿದ್ದೆನು. ನೀರು ಇಳಿದ ಮೇಲೆ ಉಸುಕಿನ ಸಣ್ಣ ಸಣ್ಣ ಅಲೆಗೆರೆಗಳ ತಗ್ಗುಗಳಲ್ಲಿ ಕರಿಯ ಎಳೆಗಳು ಮೊದಲಿನಂತೆಯೇ ಕುಳಿತಿದ್ದುವು, ಹೊಂಡಗಳು ಬಿಟ್ಟುಳಿದ ಜಾಗಗಳಲ್ಲಿ.

ತಿಳ್‌ಮಾತಿಯಿಂದ ನಾನು ಏನನ್ನೂ ತರಲಿಲ್ಲ. ಮನೆಯವರು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಒಂದು ಹಿಡಿಯನ್ನೂ ಗುಡ್ಡ ಹತ್ತುವ ಮೊದಲು ಬಿಚ್ಚಿ ಚೆಲ್ಲಿದರು. ಪೀಹಾದ ಉಸುಕು ಚಪ್ಪಲಿಯಲ್ಲಿ ಎಷ್ಟು ಬಂದಿತೋ ಅಷ್ಟೆ. ಈ ಮೇಜಿನ ಮೇಲೆ ಬೆಂಕಿಪೆಟ್ಟಿಗೆಯಲ್ಲಿರುವುದು ಕಳೆದ ತಿಂಗಳು ಕೃಷ್ಣೆಯಲ್ಲಿ ಅಯಸ್ಕಾಂತದಿಂದ ನಾನೇ ಎಳೆದದ್ದು, ಒಂದು ಚಮಚೆಯಷ್ಟಿದೆ. ಸಭೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ನೋಡಬಹುದು. ಅಯಸ್ಕಾಂತವೂ ಇದೆ, ಕಾಗದವೂ ಇದೆ. ಪೆಟ್ಟಿಗೆ ತೆರೆಯುವಾಗ ಮಾತ್ರ ಯಾರಾದರೂ ಆ ಫ್ಯಾನನ್ನು ನಿಲ್ಲಿಸಬೇಕು.